ತಮ್ಮನ ಪಾಲಿನ ಕಾಲರುಗಳು

ತಮ್ಮ ತೀರಿಕೊಂಡ ಸುದ್ದಿ ಬಂದಾಗ ನಾನು ಇಸ್ತ್ರಿ ಮೇಜಿನ ಮುಂದೆ ನಿಂತಿದ್ದೆ. ಬೆಳಿಗ್ಗೆ ಅಂಗಡಿ ತೆರೆದು ಸ್ವಲ್ಪ ಹೊತ್ತಾಗಿತ್ತು. ಪೊಲೀಸಿನವರೊಬ್ಬರು ಹೊಸ್ತಿಲಿನ ಹೊರಗೇ ನಿಂತು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಇಲ್ಲಿ ದೊಡ್ಡವರು ಯಾರು?" ಎಂದು ಕೇಳಿದರು. ಅಣ್ಣ ಕತ್ತರಿ ಕೆಳಗಿಟ್ಟು ಎದ್ದ. ಟೋಪಿ ತೆಗೆದು ನಿಂತವರು ಒಳ್ಳೆಯ ಸುದ್ದಿ ತಂದಿರುವುದಿಲ್ಲ. ತಮ್ಮ ತನ್ನ ಜೀವವನ್ನು ತಾನೇ ಕೊನೆಗಾಣಿಸಿಕೊಂಡಿದ್ದ. ನಾನು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಸ್ವಿಚ್ಚು ಆರಿಸಿದೆ. ಅಂಥ ಹೊತ್ತಿನಲ್ಲೂ ಕೈ ತನ್ನ ಕೆಲಸ ಮರೆಯಲಿಲ್ಲ.

ನಮ್ಮದು ಮನೆಮಂದಿಯೇ ಸೇರಿ ನಡೆಸುವ ಹೊಲಿಗೆ ಅಂಗಡಿ. ಅಣ್ಣ ಬಟ್ಟೆ ಕತ್ತರಿಸುತ್ತಾನೆ. ತಮ್ಮ ಕಾಲರು ಹೊಲಿಯುತ್ತಿದ್ದ. ಅವನ ಹೆಂಡತಿ ತೋಳು ಕೂಡಿಸುತ್ತಾಳೆ. ಅವರ ಮಗಳು ಗುಂಡಿಯ ಕಾಜ ಹೊಲಿಯುವುದರಲ್ಲಿ ಎಷ್ಟು ಗಟ್ಟಿಗಿತ್ತಿಯೆಂದರೆ ಎಲ್ಲರೂ ಅವಳನ್ನು ಕಾಜಮ್ಮ ಎಂದೇ ಕರೆಯುತ್ತಾರೆ. ಕೊನೆಗೆ ಎಲ್ಲವೂ ಅವಳ ಸೋದರತ್ತೆಯಾದ ನನ್ನ ಇಸ್ತ್ರಿಗೆ ಬರುತ್ತದೆ. ನಮ್ಮ ತಂದೆ ಒಂದು ಪದ್ಧತಿ ಹಾಕಿಕೊಟ್ಟಿದ್ದರು. ಒಬ್ಬರ ಕೈ ನಿಂತರೆ ಪಕ್ಕದವರು ಆ ಬಟ್ಟೆಯನ್ನು ಎತ್ತಿಕೊಂಡು ಮುಗಿಸಬೇಕು. ಯಾಕೆ ನಿಂತಿತು ಎಂದು ಕೇಳಬಾರದು. ಕೇಳಿದರೆ ಮನಸ್ಸಿಗೆ ನೋವಾಗುತ್ತದೆ ಎಂದು ಅವರು ಹೇಳುತ್ತಿದ್ದರು. ಅದನ್ನು ನಾವು ಪ್ರೀತಿ ಎಂದೇ ತಿಳಿದು ಪಾಲಿಸಿಕೊಂಡು ಬಂದಿದ್ದೆವು.

ಅಂದು ಸಂಜೆ ಮನೆ ತುಂಬ ಜನ. ಎದುರು ಅಂಗಡಿಯ ಕ್ಷೌರಿಕ ಕಣ್ಣೊರೆಸಿಕೊಳ್ಳುತ್ತ ಹೇಳಿದ:

"ಮೊನ್ನೆ ತಾನೇ ನನ್ನ ಅಂಗಿ ಹೊಲಿದು ಕೊಟ್ಟಿದ್ದಾನೆ. ಕಾಲರು ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಚೆನ್ನಾಗೇ ಇದ್ನಲ್ಲಪ್ಪಾ!"

ತಮ್ಮನ ಹೆಂಡತಿ ತಲೆಯೆತ್ತಿದಳು. "ಆ ಕಾಲರು ನಾನು ಹೊಲಿದಿದ್ದು."

"ನೀನಾ?" ಎಂದ ಅಣ್ಣ. "ಅವನ ಮೇಜಿಂದ ದಿನಾ ಒಂದಷ್ಟು ನಾನು ತಗೊಂಡು ಹೊಲೀತಿದ್ದೆ. ಮಿಕ್ಕಿದ್ದು ಅವನೇ ಮಾಡ್ತಾನೆ ಅಂದ್ಕೊಂಡಿದ್ದೆ."

"ಮಿಕ್ಕಿದ್ದು ನಾನು ಮಾಡ್ತಿದ್ದೆ ದೊಡ್ಡಪ್ಪಾ," ಎಂದಳು ಕಾಜಮ್ಮ. "ಅಪ್ಪಂಗೆ ಗೊತ್ತಾಗದ ಹಾಗೆ."

ಇಸ್ತ್ರಿ ಮೇಜಿಗೆ ಬರುತ್ತಿದ್ದ ಅಷ್ಟೊಂದು ಕಾಲರುಗಳಲ್ಲಿ ತಮ್ಮನ ಕೈಯದು ಒಂದೂ ಇರಲಿಲ್ಲ. ಅವನು ಬಹಳ ದಿನಗಳಿಂದ ಹೊಲಿಗೆಯನ್ನೇ ಬಿಟ್ಟಿದ್ದ. ಬೆಳಕು ಹರಿಯುವ ಮೊದಲೇ ಎಚ್ಚರವಾಗಿ ಕುಳಿತಿರುತ್ತಿದ್ದ. ಊಟ ಸೇರುತ್ತಿರಲಿಲ್ಲ. ಯಂತ್ರದ ಮುಂದೆ ಕುಳಿತು ಗೋಡೆ ನೋಡುತ್ತಿದ್ದ. "ನನ್ನಿಂದ ಯಾರಿಗೇನು ಉಪಯೋಗ" ಎಂದು ಒಮ್ಮೆ ಹೆಂಡತಿಯ ಬಳಿ ಅಂದಿದ್ದನಂತೆ. "ಸುಸ್ತಾಗಿದೆ, ಮಲಗಿ," ಎಂದು ಅವಳು ಹೇಳಿದ್ದಳು. ಹೊರಗಿನವರಿಗೆ ಅಂಗಿ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು. ಒಳಗಿನ ಪ್ರತಿಯೊಬ್ಬರಿಗೂ, ತಾವೊಬ್ಬರೇ ಸ್ವಲ್ಪ ಕೈಜೋಡಿಸುತ್ತಿದ್ದೇವೆ ಎಂಬ ನಂಬಿಕೆ. ಅವನ ಕಾಯಿಲೆ ನಮ್ಮ ನಡುವೆಯೇ ಯಾರ ಕಣ್ಣಿಗೂ ಬೀಳದೆ ಬೆಳೆಯಿತು.

ದಿನಗಳು ಕಳೆದವು. ಅಂಗಡಿ ಮತ್ತೆ ತೆರೆಯಿತು. ತಮ್ಮನ ಯಂತ್ರದ ಮೇಲೆ ಹೊದಿಸಿದ ಬಟ್ಟೆಯನ್ನು ಯಾರೂ ತೆಗೆಯಲಿಲ್ಲ. ಅತ್ತು ಅತ್ತು ನಾವು ನಿಧಾನವಾಗಿ ಕೆಲಸಕ್ಕೆ ಮರಳಿದೆವು. ಆದರೆ ಕಾಜಮ್ಮ ಮರಳಲಿಲ್ಲ. ಬಂದು ಕೂರುತ್ತಿದ್ದಳು, ಅಷ್ಟೇ. ಸೂಜಿಗೆ ದಾರ ಪೋಣಿಸಿ ಅಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡರೆ ಅದು ಸಂಜೆಯವರೆಗೂ ಹಾಗೇ ಇರುತ್ತಿತ್ತು. ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಳು. ಗೆಳತಿಯರು ಬಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಆರೋಗ್ಯ ಕೇಂದ್ರದ ದಾದಿ ಹೊಲಿಯಲು ಕೊಟ್ಟಿದ್ದ ಬಿಳಿ ಕೋಟು ತೆಗೆದುಕೊಂಡು ಹೋಗಲು ಬಂದರು. ಅದೇ ಹೊತ್ತಿಗೆ ತಮ್ಮನ ಹೆಂಡತಿ ಕೈ ಚಾಚಿ ಮಗಳ ಮಡಿಲಿನಿಂದ ಅಂಗಿಯನ್ನು ಮೆಲ್ಲಗೆ ಎಳೆದುಕೊಂಡು ತಾನೇ ಕಾಜ ಹೊಲಿಯತೊಡಗಿದಳು. ಹುಡುಗಿ ಕಣ್ಣೂ ಮಿಟುಕಿಸಲಿಲ್ಲ. ನನಗೆ ತಮ್ಮನ ಕಾಲರುಗಳು ನೆನಪಾದವು.

"ಸಿಸ್ಟರ್, ಸ್ವಲ್ಪ ಕೂತ್ಕೊಳಿ," ಎಂದೆ. "ಈ ಮಗೂನ ನೋಡಿ."

ದಾದಿ ಅವಳ ಪಕ್ಕದಲ್ಲಿ ಕುಳಿತು, ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಬಹಳ ಹೊತ್ತು ಮೆಲುದನಿಯಲ್ಲಿ ಮಾತಾಡಿದರು. "ನಿನ್ನ ಮನೆಯವರನ್ನ ಕರೀಲಾ?" ಎಂದು ಅವಳನ್ನೇ ಕೇಳಿ, ಅವಳು ತಲೆಯಾಡಿಸಿದ ಮೇಲೆ ನಮ್ಮನ್ನು ಕರೆದರು. ನಮ್ಮೆದುರೇ ಅವಳ ಕೈ ಹಿಡಿದು ಕೇಳಿದರು:

"ಕಾಜಮ್ಮಾ, ಬದುಕೋದೇ ಬೇಡ ಅಂತ ಅನ್ಸತ್ತಾ?"

ಅಣ್ಣ ಸಿಡಿದೆದ್ದ. "ಏನ್ರೀ ಸಿಸ್ಟರ್, ಬಿಡ್ತು ಅನ್ನಿ! ಇಲ್ಲದ ಯೋಚನೆ ಹುಡುಗಿ ತಲೇಲಿ ತುಂಬ್ತೀರಾ?"

"ಕೇಳಿದ್ರೆ ಹೊಸದಾಗಿ ಹುಟ್ಕೊಳಲ್ಲ ಮಾಸ್ಟ್ರೇ. ಒಳಗಿದ್ರೆ ಹೊರಗೆ ಬರತ್ತೆ. ಹೊರಗೆ ಬಂದ್ರೆ ಹಗುರ ಆಗತ್ತೆ."

ಕಾಜಮ್ಮ ನೆಲ ನೋಡುತ್ತ ಹೇಳಿದಳು: "ಅಪ್ಪ ಇರೋ ಕಡೆ ಹೋಗಬೇಕು ಅನ್ಸತ್ತೆ."

ಅವಳ ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಹೇಳಿದ್ದು ಒಳ್ಳೇದಾಯ್ತು ಮಗಳೇ," ಎಂದರು ದಾದಿ. ಆಮೇಲೆ ನಮ್ಮ ಕಡೆ ತಿರುಗಿದರು. "ಇವಳನ್ನ ಒಬ್ಬಳೇ ಬಿಡಬೇಡಿ. ಇವತ್ತೇ ಡಾಕ್ಟ್ರ ಹತ್ರ ಹೋಗೋಣ. ನಾನೂ ಬರ್ತೀನಿ."

"ಅಪ್ಪ ಸತ್ತರೆ ದುಃಖ ಇರಲ್ವಾ?" ಎಂದ ಅಣ್ಣ. "ತಾನಾಗೇ ಸರಿಹೋಗತ್ತೆ."

"ದುಃಖ ಇರತ್ತೆ. ನಿಮಗೂ ಇದೆ. ಆದ್ರೆ ನೀವು ಉಣ್ತೀರಿ, ಮಲಗ್ತೀರಿ, ಆಗೊಮ್ಮೆ ಈಗೊಮ್ಮೆ ನಗ್ತೀರಿ. ಇವಳಿಗೆ ವಾರಗಳಿಂದ ನಿದ್ರೆ ಇಲ್ಲ, ಊಟ ಇಲ್ಲ, ಯಾವುದರಲ್ಲೂ ಆಸೆ ಇಲ್ಲ. ತಾನು ಯಾರಿಗೂ ಬೇಡ ಅನ್ನೋ ಭಾವನೆ ಬೇರೆ. ಇದನ್ನ ಖಿನ್ನತೆ ಅಂತಾರೆ. ಇದು ಕಾಯಿಲೆ. ಸೋಮಾರಿತನ ಅಲ್ಲ, ಹುಚ್ಚೂ ಅಲ್ಲ."

"ಹುಚ್ಚರ ಡಾಕ್ಟ್ರ ಬಾಗಿಲಿಗೆ ಹೋದ್ಲು ಅಂದ್ರೆ ನಾಳೆ ಇವಳನ್ನ ಯಾರು ಮದುವೆ ಆಗ್ತಾರೆ?" ಎಂದು ತಾಯಿ ಬಿಕ್ಕಿದಳು.

"ಮೊದಲು ಮಗಳು ಉಳೀಲಿ ಕಣಮ್ಮಾ. ಮದುವೆ ಮಾತು ಆಮೇಲೆ."

"ಆ ಮಾತ್ರೆ ಒಂದ್ಸಲ ಹಿಡಿದ್ರೆ ಜನ್ಮ ಬಿಡಲ್ವಂತೆ," ಎಂದ ಅಣ್ಣ.

"ಯಾರಂದ್ರು?"

"ಕ್ಷೌರದಂಗಡೀಲಿ."

"ನಿಮ್ಮ ಕಾಯಿಲೆಗೆಲ್ಲ ಅಲ್ಲೇ ಔಷಧಿ ತಗೋತೀರಾ ಮಾಸ್ಟ್ರೇ?" ದಾದಿ ಸ್ವಲ್ಪ ನಕ್ಕರು. "ಖಿನ್ನತೆಗೆ ಕೊಡೋ ಮಾತ್ರೆ ಚಟ ಹಿಡಿಸಲ್ಲ. ಆದ್ರೆ ಗುಣ ಕಾಣೋಕೆ ಕೆಲವು ವಾರ ಬೇಕು. ನೀವು ಅಂಗಿ ಕೊಟ್ಟ ದಿನವೇ ಹೊಲಿದು ಕೊಡ್ತೀರಾ? ಹಾಗೇ ಇದೂನೂ. ನಿದ್ರೆ ಮಾತ್ರೆ ಬೇರೆ. ಅದನ್ನ ನಾವಾಗೇ ಅಂಗಡೀಲಿ ಕೊಂಡು ನುಂಗಬಾರದು."

ಅಣ್ಣ ನನ್ನ ಕಡೆ ತಿರುಗಿದ. "ದಿನಾ ದೇವರ ಮುಂದೆ ಕೂರೋಳು ನೀನು. ನೀನೇ ಹೇಳು ತಂಗೀ. ಪ್ರಾರ್ಥನೆ ಸಾಲದಾ?"

"ನಿನ್ನ ಕಣ್ಣು ಮಂಜಾದಾಗ ನಾನು ಪ್ರಾರ್ಥನೆ ಮಾಡಿದೆ," ಎಂದೆ. "ನೀನು ಕನ್ನಡಕ ಹಾಕಿಸ್ಕೊಂಡೆ. ದೇವರು ಕೋಪ ಮಾಡ್ಕೊಂಡನಾ? ಪ್ರಾರ್ಥನೆ ನಾನು ಮಾಡ್ತೀನಿ. ನೀನು ಅವಳನ್ನ ಕರ್ಕೊಂಡು ನಡಿ."

ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ ಅಂಗಡಿಯ ಬಾಗಿಲು ಹಾಕಿದ.

ವೈದ್ಯೆ ವಯಸ್ಸಾದ ಹೆಂಗಸು. ಕಾಜಮ್ಮನನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದರು, ಆಮೇಲೆ ನಮ್ಮನ್ನು ಕೇಳಿದರು. ಬೇರೆ ದೇಹದ ಕಾಯಿಲೆಯಿಂದಲೂ ಹೀಗಾಗಬಹುದೆಂದು ರಕ್ತ ಪರೀಕ್ಷೆ ಮಾಡಿಸಿದರು. ತಾಯಿಯ ಕೈ ನಡುಗುವುದನ್ನು ಕಂಡು ಅವಳನ್ನೂ ವಿಚಾರಿಸಿದರು. ಎದೆ ಬಡಿದುಕೊಳ್ಳುವುದು, ಉಸಿರು ಕಟ್ಟಿದಂತಾಗುವುದು, ಮಗಳು ಕಣ್ಮರೆಯಾದರೆ ಏನೋ ಆಯಿತೆಂಬ ಭಯ, ಎಲ್ಲವನ್ನೂ ಅವಳು ಹೇಳಿಕೊಂಡಳು. ವೈದ್ಯೆ ಅವಳ ಹೃದಯ ಪರೀಕ್ಷಿಸಿ, "ಇದು ಆತಂಕದ ಕಾಯಿಲೆ. ಇದಕ್ಕೂ ಚಿಕಿತ್ಸೆ ಇದೆ," ಎಂದರು.

"ಚಿಕಿತ್ಸೆ ಅಂದ್ರೆ ಕೂಡಿಹಾಕೋದಾ?" ಅಣ್ಣನ ದನಿ ಕುಗ್ಗಿತ್ತು.

"ಇಲ್ಲ. ಮನೇಲಿದ್ದೇ ತಗೋಬಹುದು. ಒಂದು, ಮಾತಿನ ಚಿಕಿತ್ಸೆ. ಅದಕ್ಕೆಂದೇ ಕಲಿತವರ ಹತ್ರ ವಾರಕ್ಕೊಮ್ಮೆ ಕೂತು ಮಾತಾಡೋದು. ಯೋಚನೆ ಎಲ್ಲಿ ಸಿಕ್ಕಿಹಾಕ್ಕೊಂಡಿದೆ ಅಂತ ಹುಡುಕೋದಕ್ಕೆ ಅವರು ಸಹಾಯ ಮಾಡ್ತಾರೆ. ಇನ್ನೊಂದು, ಮಾತ್ರೆ. ಕೆಲವರಿಗೆ ಮಾತೇ ಸಾಕು, ಕೆಲವರಿಗೆ ಎರಡೂ ಬೇಕು. ಈ ಹುಡುಗಿಗೆ ಈಗ ಎರಡೂ ಬೇಕು. ಮೊದಲ ಕೆಲವು ವಾರ ಹತ್ತಿರದಿಂದ ನೋಡ್ಕೋಬೇಕು. ಇಲ್ಲದ ಧ್ವನಿ ಕೇಳಿಸೋದು, ಎಲ್ಲರೂ ತನ್ನ ವಿರುದ್ಧ ಸೇರಿದ್ದಾರೆ ಅನ್ಸೋದು, ಇಂಥ ದೊಡ್ಡ ಕಾಯಿಲೆಗಳಿಗೂ ಈಗ ಔಷಧಿ ಇದೆ. ಎಷ್ಟು ಬೇಗ ಬಂದ್ರೆ ಅಷ್ಟು ಒಳ್ಳೇದು."

ತಮ್ಮನ ಹೆಂಡತಿ ತಡೆದು ತಡೆದು ಕೇಳಿದಳು: "ಅವರನ್ನೂ ಕರ್ಕೊಂಡು ಬಂದಿದ್ರೆ..."

ವೈದ್ಯೆ ಅವಳ ಭುಜದ ಮೇಲೆ ಕೈಯಿಟ್ಟರು. "ಚಿಕಿತ್ಸೆ ಸಿಕ್ಕಿದ್ರೆ ಉಳಿಯೋ ಸಾಧ್ಯತೆ ಇತ್ತು. ಸುಳ್ಳು ಹೇಳಲ್ಲ. ಆದ್ರೆ ಇಂಥ ಸಾವಿಗೆ ಒಂದೇ ಕಾರಣ ಇರಲ್ಲಮ್ಮಾ. ನೀನು ಕಾರಣ ಅಂತೂ ಅಲ್ಲ."

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಮೊದಲ ಮಾತ್ರೆಗೆ ಹುಡುಗಿಗೆ ಹೊಟ್ಟೆ ತೊಳಸಿತು. ಅಣ್ಣ ಮಾತ್ರೆಯ ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆಯಲು ಹೊರಟಿದ್ದ. ದಾದಿ ತಡೆದು, ನಾವಾಗಿಯೇ ನಿಲ್ಲಿಸಬಾರದು ಎಂದು ಹೇಳಿ ಮತ್ತೆ ವೈದ್ಯೆಯ ಬಳಿಗೆ ಕಳಿಸಿದರು. ಅವರು ಬೇರೆ ಮಾತ್ರೆ ಕೊಟ್ಟರು. ಕೆಲವು ದಿನ ಕಾಜಮ್ಮ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಅವಳ ತಾಯಿ ಪಕ್ಕದಲ್ಲಿ ಕುಳಿತಿರುತ್ತಿದ್ದಳು, ತೋಳು ಕೂಡಿಸುವ ಕೆಲಸ ಬಾಕಿ ಬೀಳುತ್ತಿತ್ತು.

ನಮ್ಮ ಅಂಗಡಿಯಲ್ಲಿ ಅಂಗಿಗಳು ತಡವಾಗತೊಡಗಿದವು. ಒಂದು ದಿನ ಕ್ಷೌರಿಕ ಬಂದು ಗೊಣಗಿದಾಗ ಅಣ್ಣ ಎಲ್ಲರೆದುರು ಹೇಳಿದ:

"ನಮ್ಮ ಹುಡುಗಿಗೆ ಖಿನ್ನತೆ ಕಾಯಿಲೆ. ಚಿಕಿತ್ಸೆ ನಡೀತಿದೆ. ಅಂಗಿ ತಡ ಆಗತ್ತೆ."

ಕ್ಷೌರಿಕ, "ಅಂಗಿ ಇರಲಿ ಬಿಡಪ್ಪ," ಎಂದು ಅಲ್ಲೇ ಮಣೆಯ ಮೇಲೆ ಕುಳಿತ. ದನಿ ತಗ್ಗಿಸಿ ಕೇಳಿದ: "ನಮ್ಮ ಭಾವಮೈದುನಂಗೂ ಹೀಗೇ ಏನೋ. ಆ ಡಾಕ್ಟ್ರು ಯಾವ ಹೊತ್ತಿಗೆ ಸಿಗ್ತಾರೆ?"

ಈಗ ಕಾಜಮ್ಮ ಊಟ ಮಾಡುತ್ತಾಳೆ. ನಿದ್ರೆ ಬರುತ್ತದೆ. ತಲೆ ಬಾಚಿಕೊಂಡು ಬಂದು ಆದಷ್ಟು ಕೆಲಸ ಮಾಡುತ್ತಾಳೆ. ಕೈ ನಿಂತ ದಿನ, "ಅತ್ತೇ, ಇವತ್ತು ಆಗ್ತಿಲ್ಲ," ಎಂದು ಹೇಳುತ್ತಾಳೆ. ನಾವು ಬಟ್ಟೆಯನ್ನು ಪಕ್ಕಕ್ಕಿಟ್ಟು ಮೊದಲು ಅವಳ ಮಾತು ಕೇಳುತ್ತೇವೆ. ಅವಳು ಇನ್ನೂ ಪೂರ್ತಿ ಗುಣವಾಗಿಲ್ಲ. ಆದರೆ ನಮ್ಮ ನಡುವೆ ಇದ್ದಾಳೆ.

ಇದನ್ನು ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಯಾರಾದರೂ ಸದ್ದಿಲ್ಲದೆ ಬದಲಾಗುತ್ತಿದ್ದರೆ ಅವರ ಕೆಲಸವನ್ನು ಹಂಚಿಕೊಳ್ಳಿ, ಒಳ್ಳೆಯದೇ. ಆದರೆ ಕೇಳದೆ ಇರಬೇಡಿ. "ಏನಾಗ್ತಿದೆ?" ಎಂದು ಕೇಳಿ. ಸಾಯುವ ಮಾತು ಬಂದರೆ ಬೈಯಬೇಡಿ, ನಗಬೇಡಿ, ಒಬ್ಬರನ್ನೇ ಬಿಡಬೇಡಿ. ಅಂದೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇಲ್ಲವೇ ಸಹಾಯವಾಣಿಗೆ ಕರೆ ಮಾಡಿ. ನೋವು ನಿಮ್ಮದೇ ಆಗಿದ್ದರೆ ನಂಬಿಕೆಯ ಒಬ್ಬರಿಗೆ ಇವತ್ತೇ ಹೇಳಿ. ಇದು ಪಾಪದ ಫಲವಲ್ಲ, ನಾಚಿಕೆಯ ವಿಷಯವೂ ಅಲ್ಲ. ಚಿಕಿತ್ಸೆ ಇರುವ ಕಾಯಿಲೆ.

ದೇವರೇ, ನನ್ನ ತಮ್ಮ ಬಹಳ ನೊಂದು ನಿನ್ನ ಬಳಿಗೆ ಬಂದಿದ್ದಾನೆ. ನಾವು ಕೇಳದೆ ಹೋದ ಮಾತನ್ನು ನೀನು ಕೇಳು. ಅವನನ್ನು ದೂರ ಮಾಡಬೇಡ, ಲೆಕ್ಕ ಕೇಳಬೇಡ. ನಿದ್ರೆಯಿಲ್ಲದೆ ಬಳಲಿದ ಆ ಜೀವಕ್ಕೆ ನಿನ್ನ ಮಡಿಲಲ್ಲಿ ಶಾಂತಿ ಕೊಡು.