ಎಡಗೈ ಹೆಬ್ಬೆರಳು

ಒದ್ದೆಯಾದ ಪಟ್ಟಿ ನೊರೆಯಲ್ಲಿ ಜಾರುತ್ತಿತ್ತು. ಕ್ಷೌರಿಕ ಬೇಸಿನ್ನಿನ ಕಡೆ ತಿರುಗಿ ಎಡಗೈ ಹೆಬ್ಬೆರಳಿಗೆ ಸುತ್ತಿದ್ದ ಅದನ್ನು ಬಿಚ್ಚಿದ. ಎರಡು ದಿನದಿಂದ ಬೆರಳು ಒರಟಾಗುತ್ತಿದ್ದರೂ ನೋಡುವ ಧೈರ್ಯವಾಗದೆ ಸುತ್ತಿಕೊಂಡಿದ್ದ ಪಟ್ಟಿ. ಹೋದ ತಿಂಗಳು ಡಾಕ್ಟರಮ್ಮ ನರಹುಲಿ ಸುಟ್ಟು ತೆಗೆದಿದ್ದ ಜಾಗ ನುಣ್ಣಗೇ ಇತ್ತು. ಅದರ ಸುತ್ತ ಸಾಸಿವೆಯಷ್ಟು ದೊಡ್ಡ ನಾಲ್ಕು ಹೊಸ ಗಂಟುಗಳು ಉಂಗುರದಂತೆ ಕೂತಿದ್ದವು.

"ಏನಪ್ಪಾ, ಅರ್ಧ ರಾಜ್ಯ ಗೆದ್ದು ನಿಂತುಬಿಟ್ಟೆ?" ಒಂದೇ ಕಡೆಯ ಮೀಸೆ, ಗಡ್ಡ ಬೋಳಿಸಿಕೊಂಡು ಕೂತಿದ್ದ ಪೋಸ್ಟ್ ಮಾಸ್ಟರರು ಕುರ್ಚಿಯಿಂದ ಕೇಳಿದರು.

"ಬಂದೆ ಸರ್."

ನಿವೃತ್ತರಾಗಿ ಕೈನಡುಕ ಬಂದ ಮೇಲೆ ಅವರು ದಿನ ಬಿಟ್ಟು ದಿನ ಇವನ ಮುಂದೆಯೇ ಗದ್ದ ಎತ್ತಿ ಕಣ್ಣು ಮುಚ್ಚುತ್ತಿದ್ದರು. ಕೆಲವೊಮ್ಮೆ ಗೊರಕೆಯನ್ನೂ ಹೊಡೆಯುತ್ತಿದ್ದರು.

"ದವಡೆ ಕೆಳಗೆ ಏನೋ ಆಗಿದೆ ನೋಡು. ಬೆವರುಸಾಲೆ ಇರ್ಬೇಕು. ಅದರ ಮೇಲೇ ಎಳೆದುಬಿಡು."

ಅವನು ನೊರೆ ಒರೆಸಿ ಬಗ್ಗಿದ. ಸಣ್ಣ ಗಂಟುಗಳು, ಏಳೋ ಎಂಟೋ. ಕತ್ತಿ ಎಳೆಯುವ ದಾರಿಯಲ್ಲೇ ಸಾಲಾಗಿ ಎದ್ದಿದ್ದವು. ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಹಾಕುತ್ತೇನಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಬ್ಲೇಡೇನೋ ಹೊಸದು, ಚರ್ಮ ಬಿಗಿಹಿಡಿಯುವ ಹೆಬ್ಬೆರಳು ಎಲ್ಲರಿಗೂ ಒಂದೇ. ಬೆಂಚಿನ ಮೇಲೆ ಇನ್ನಿಬ್ಬರು ಕಾಯುತ್ತಿದ್ದರು. "ಬೆವರುಸಾಲೆಯೇ ಸರ್" ಅಂದರೆ ಮುಗಿದುಹೋಗುತ್ತಿತ್ತು. ಮಾತು ತುದಿನಾಲಿಗೆಗೆ ಬಂದೂ ಬಿಟ್ಟಿತ್ತು.

"ಸರ್, ಕಣ್ಣು ಬಿಡಿ," ಎಂದ. ಹೆಬ್ಬೆರಳನ್ನು ಅವರ ಮುಖದೆದುರು ಹಿಡಿದ. "ಇದು ನರಹುಲಿ. ಸುಡಿಸಿದ್ದೆ, ಮತ್ತೆ ಬಂದಿದೆ. ನಿಮಗೂ ನನ್ನಿಂದಲೇ ಹತ್ತಿರಬೇಕು."

ಬೆಂಚಿನಲ್ಲಿದ್ದ ಒಬ್ಬ ತನ್ನ ಗದ್ದ ಸವರಿಕೊಳ್ಳುತ್ತ ಹೊರಗೆ ನಡೆದ. ಇನ್ನೊಬ್ಬನೂ ಎದ್ದ.

"ಕಣ್ಣು ಮುಚ್ಚಿ ಕೂತಿರ್ತಿದ್ನಲ್ಲೋ ನಿನ್ನ ಮುಂದೆ," ಎಂದರು ಪೋಸ್ಟ್ ಮಾಸ್ಟರರು ಮೆಲ್ಲಗೆ.

ಅಂಗಡಿಯ ಬಾಗಿಲು ಎಳೆದು ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋದರು.

"ಔಷಧಿ ಎಷ್ಟು ದಿನ ಹಚ್ಚಿದ್ರಿ?" ಡಾಕ್ಟರಮ್ಮ ಕ್ಷೌರಿಕನನ್ನು ಕೇಳಿದರು.

"ಎರಡು ವಾರ. ನುಣ್ಣಗಾಯ್ತಲ್ಲ ಅಂತ ಬಿಟ್ಟೆ."

"ನಾನು ಸುಟ್ಟಿದ್ದು ಕಣ್ಣಿಗೆ ಕಾಣೋದನ್ನ. ವೈರಸ್ಸು ಸುತ್ತಲಿನ ಚರ್ಮದಲ್ಲೂ ಸದ್ದಿಲ್ಲದೆ ಕೂತಿರುತ್ತೆ. ಮೈ ಅದನ್ನ ಗುರುತು ಹಿಡಿದು ಓಡಿಸೋವರೆಗೂ ತಲೆ ಎತ್ತುತ್ತಲೇ ಇರುತ್ತೆ."

"ಇವರದ್ದು? ನನ್ನಿಂದಲೇನಾ?"

ಅವರು ಪೋಸ್ಟ್ ಮಾಸ್ಟರರ ದವಡೆಗೆ ದೀಪ ಹಿಡಿದರು. "ಇದೂ ನರಹುಲಿಯೇ. ನಿಮ್ಮಿಂದ ಬಂತು ಅಂತ ಹೇಳೋಕಾಗಲ್ಲ, ಬಂದಿಲ್ಲ ಅಂತಾನೂ ಹೇಳೋಕಾಗಲ್ಲ. ಜೀವಕ್ಕೇನೂ ಅಪಾಯವಿಲ್ಲ. ವಾಸಿಯಾಗೋಕೆ ತಿಂಗಳುಗಟ್ಟಲೆ ಹಿಡಿಯಬಹುದು. ಯಜಮಾನರೇ, ಅಲ್ಲಿವರೆಗೆ ಗಡ್ಡ ಬಿಡಿ." ಕ್ಷೌರಿಕನತ್ತ ತಿರುಗಿದರು. "ನೀವು ಬರಿಗೈಯಲ್ಲಿ ಯಾರ ಮುಖವನ್ನೂ ಮುಟ್ಟಬೇಡಿ."

ಕ್ಷೌರಿಕ ಎಡಗೈಯನ್ನು ಜೇಬಿಗೆ ಇಳಿಸಿದ. ಎರಡು ತಿಂಗಳಲ್ಲಿ ಮುಟ್ಟಿದ ಮುಖಗಳನ್ನು ಒಂದೊಂದಾಗಿ ನೆನೆಯತೊಡಗಿದ. ನಡುವೆಯೇ ಲೆಕ್ಕ ತಪ್ಪಿಹೋಯಿತು.

ಹೊರಗೆ ವಿಷಯ ತಿಳಿದು ಓಡಿಬಂದಿದ್ದ ಪೋಸ್ಟ್ ಮಾಸ್ಟರರ ಸೊಸೆ ನಿಂತಿದ್ದಳು. ಅವಳ ಕೈ ಕೊಸರಿಕೊಂಡು ಪುಟ್ಟ ಮೊಮ್ಮಗಳು "ತಾತಾ, ಅರ್ಧ ಮೀಸೆ ತಾತಾ!" ಎಂದು ನಗುತ್ತ ಓಡಿಬಂದಳು. ಎಂದಿನಂತೆ ಅವರ ಕೆನ್ನೆಗೆ ಕೆನ್ನೆ ಒತ್ತಲು ತುದಿಗಾಲಲ್ಲಿ ನಿಂತು ಕತ್ತು ಚಾಚಿದಳು.

ಅವರ ನಡುಗುವ ಕೈಗಳೆರಡೂ ಅವಳ ಭುಜ ಹಿಡಿದು, ತೋಳುದ್ದದ ದೂರದಲ್ಲೇ ನಿಲ್ಲಿಸಿದವು.