ಒತ್ತಿ ಬರೆಯುವ ಕೈ

ಪೆನ್ನು ಮತ್ತೆ ಕೈಕೊಟ್ಟಿತು. ಪ್ರಮಾಣಪತ್ರದ ಮೇಲೆ ಯಾವುದೋ ಹುಡುಗಿಯ ಹೆಸರಿನ ಮೊದಲ ಅಕ್ಷರಗಳು ಕಪ್ಪಗೆ ಬಂದವು, ಆಮೇಲಿನದು ಬೂದುಬಣ್ಣಕ್ಕೆ ತಿರುಗಿತು, ಕೊನೆಯದು ಬರಲೇ ಇಲ್ಲ. ನಿಬ್ಬು ಕಾಗದವನ್ನು ಸುಮ್ಮನೆ ಗೀರಿತು. ಪೆನ್ನಿಗೆ, ಅದನ್ನು ಮಾಡಿದವರಿಗೆ, ಇಂಕಿನ ಬಾಟಲಿಗೆ ಎಲ್ಲಕ್ಕೂ ಸೇರಿಸಿ ಬೈದೆ. ಕಚೇರಿಯಲ್ಲಿ ಯಾರೂ ತಲೆಯೆತ್ತಲಿಲ್ಲ. ನನ್ನ ಕೋಪ ಅವರಿಗೆ ಫ್ಯಾನಿನ ಸದ್ದಿನ ಹಾಗೆ ಅಭ್ಯಾಸವಾಗಿದೆ.

ಈ ಕಾಲೇಜಿನಲ್ಲಿ ಪ್ರಮಾಣಪತ್ರಗಳ ಮೇಲೆ ಹೆಸರು ಬರೆಯುವವನು ನಾನು. ಪ್ರಿಂಟರು ಮಾಡಬಹುದಾದ ಕೆಲಸ, ನನಗೂ ಗೊತ್ತು. ಆದರೆ ಇಲ್ಲಿಯವರಿಗೆ ಕೈಬರಹವೇ ಬೇಕು, ಅದೂ ನನ್ನದೇ ಬೇಕು. ಈ ಅಕ್ಷರ ಬಿಟ್ಟರೆ ನನ್ನಲ್ಲಿ ಹೇಳಿಕೊಳ್ಳುವಂಥದ್ದು ಬೇರೇನೂ ಇಲ್ಲ. ನನ್ನದು ಒತ್ತಿ ಬರೆಯುವ ಕೈ. ಶಾಲೆಯಲ್ಲಿ ನಾನು ಬರೆದದ್ದು ಕೆಳಗಿನ ಹಾಳೆಯ ಮೇಲೂ ಮೂಡುತ್ತಿತ್ತು. ಪೆನ್ನು ರಿಪೇರಿ ಮಾಡುತ್ತಿದ್ದ ಅಪ್ಪ, "ಇದೇನು ಕೈಯೋ ಸುತ್ತಿಗೆಯೋ" ಎಂದು ನಕ್ಕು, ನನಗಾಗಿಯೇ ಗಡುಸಾದ ನಿಬ್ಬೊಂದನ್ನು ಹುಡುಕಿ, ಅದರ ನಡುವಿನ ಸೀಳನ್ನು ಬಿಗಿ ಮಾಡಿ ಕೊಟ್ಟಿದ್ದರು. ಸೀಳು ಬಿಗಿಯಾದಷ್ಟೂ ಇಂಕು ಕಡಿಮೆ ಇಳಿಯುತ್ತದೆ, ಒತ್ತಿದಷ್ಟೂ ಹೆಚ್ಚು ಇಳಿಯುತ್ತದೆ. ನಾನು ಒತ್ತುವ ರೀತಿಗೆ ಅದು ಸರಿಯಾಗಿತ್ತು.

ಸಂಜೆ ಅಣ್ಣನ ಅಂಗಡಿಗೆ ಹೋದೆ. ಅಪ್ಪನ ಅಂಗಡಿಯೇ ಈಗ ಅಣ್ಣನದು. ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗ, ಒಂದು ಮೇಜು, ಬಗ್ಗುವ ಕತ್ತಿನ ದೀಪ. ಅತ್ತಿಗೆ ಮೂಲೆಯಲ್ಲಿ ಕುಳಿತು ಪೆನ್ನಿನ ಮುಚ್ಚಳಗಳಿಗೆ ಕ್ಲಿಪ್ಪು ಕೂರಿಸುತ್ತಿದ್ದರು.

"ಮತ್ತೆ ಬಂದ್ರಾ? ಮೊನ್ನೆ ತಾನೇ ಬಂದಿದ್ರಿ!" ಎಂದರು. "ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ."

"ನೆಲ ಡೊಂಕೇ ಇದೆ ಅತ್ತಿಗೆ. ನೆಟ್ಟಗೆ ಮಾಡೋಕೆ ಬರುತ್ತಾ ಅಂತ ನಿಮ್ಮ ಯಜಮಾನ್ರನ್ನ ಕೇಳಿ."

ಇಂಥ ಮಾತಿಗೆ ಎಲ್ಲರಿಗಿಂತ ಮೊದಲು ನಗುವವನು ಅಣ್ಣ. ಅವತ್ತು ನಗಲಿಲ್ಲ. ಪೆನ್ನು ಬಿಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ.

"ಮುಚ್ಚಳ ಹಾಕ್ದೆ ಬಿಟ್ಟಿದ್ಯಾ?"

"ನಾನೇನು ಚಿಕ್ಕ ಮಗೂನಾ?"

"ಬಾಟಲೀಲಿ ಗಸಿ ಇದೆಯಾ?"

"ಹೊಸಾ ಬಾಟಲಿ."

ನಿಬ್ಬಿನ ಹೊಟ್ಟೆಯ ಕೆಳಗೆ ಇಂಕು ಹರಿಸುವ ಕಪ್ಪು ನಾಲಿಗೆಯೊಂದಿರುತ್ತದೆ. ಅದರ ಗೆರೆಗಳಲ್ಲಿ ಇಂಕು ಒಣಗಿ ಕೂತಿದೆಯೇನೋ ಎಂದು ಅಣ್ಣ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದ. ನೀರು ತಿಳಿಯಾಗಿಯೇ ಇತ್ತು. ಕೊಳೆ ಇಲ್ಲ, ಬಿರುಕಿಲ್ಲ, ಎಲ್ಲ ಸರಿಯಾಗಿತ್ತು. ಆಮೇಲೆ ಅವನು ನನಗೆ ಬೆನ್ನು ಮಾಡಿ, ತೆಳುವಾದ ಹಿತ್ತಾಳೆ ತಗಡಿನ ಚೂರು ಹಿಡಿದು ದೀಪದ ಕಡೆ ಬಗ್ಗಿದ. ಅತ್ತಿಗೆಯ ಕೈ ನಿಂತಿತು. ಅವರು ಒಮ್ಮೆ ಅಣ್ಣನನ್ನು ನೋಡಿ ಮತ್ತೆ ಕ್ಲಿಪ್ಪುಗಳ ಕಡೆ ತಿರುಗಿದರು.

ಆ ಅಂಗಡಿಯಲ್ಲಿ ಅಪ್ಪ ಹಾಕಿದ ಕಟ್ಟಳೆಯೊಂದಿದೆ. ರಿಪೇರಿಯಾದ ಪೆನ್ನಿನಲ್ಲಿ ಅದರ ಒಡೆಯ ಅಲ್ಲೇ ಕೂತು ತನ್ನ ಹೆಸರು ಬರೆಯಬೇಕು, ಆಮೇಲೆಯೇ ಪೆನ್ನು ಹೊರಗೆ. ನಾನು ಬರೆದೆ. ಚೆನ್ನಾಗಿ ಬಂತು.

"ಯಾರ ಕೈಗೂ ಕೊಡ್ಬೇಡ ಇದನ್ನ" ಎಂದ ಅಣ್ಣ. ಎಲ್ಲ ಗಿರಾಕಿಗಳಿಗೂ ಹೇಳುವ ಮಾತೇ ಅದು. ಅವತ್ತು ನಾನು ಮೆಟ್ಟಿಲ ಹತ್ತಿರ ಹೋದಾಗ ಇನ್ನೊಮ್ಮೆ ಕೂಗಿ ಹೇಳಿದ.

ಮಾರನೆಯ ದಿನ ಪ್ರಾಂಶುಪಾಲರು ಸಹಿ ಹಾಕಲು ನನ್ನ ಮೇಜಿಗೇ ಬಂದರು. ಅವರ ಪೆನ್ನು ಮೇಲಿನ ಕೋಣೆಯಲ್ಲಿ ಉಳಿದಿತ್ತು. ಮೇಲಧಿಕಾರಿ ಕೈ ಚಾಚಿದಾಗ ಇಲ್ಲ ಎನ್ನುವುದು ಹೇಗೆ? ಕೊಟ್ಟೆ. ಅವರು ನಿಬ್ಬನ್ನು ಊರಿದ್ದೇ ತಡ, ಇಂಕು ಗುಡ್ಡೆಯಾಗಿ ಇಳಿದು, ಸಹಿಯನ್ನು ನುಂಗಿ, ನಾನು ಬರೆದ ಹೆಸರಿನವರೆಗೂ ಹರಿಯಿತು.

"ಅಯ್ಯೋ, ಏನ್ರೀ ಇದು, ನಲ್ಲಿ ಬಿಟ್ಟಂಗೆ ಸುರೀತಿದೆ! ಇದ್ರಲ್ಲಿ ಹೇಗ್ರೀ ಬರೀತೀರಾ?"

ಅವರ ಕೈಯಿಂದ ಪೆನ್ನು ಕಿತ್ತುಕೊಂಡಂತೆ ತೆಗೆದುಕೊಂಡು ರದ್ದಿ ಕಾಗದದ ಮೇಲೆ ಬರೆದೆ. ಸಣ್ಣಗೆ, ನೀಟಾಗಿ ಬಂತು. ಪಕ್ಕದ ಟೈಪಿಸ್ಟಿಗೆ ಕೊಟ್ಟೆ. ಆಕೆ ಒಂದು ಗೆರೆ ಎಳೆಯುವಷ್ಟರಲ್ಲಿ ಬೆರಳೆಲ್ಲ ಇಂಕಾಯಿತು. ಮತ್ತೆ ನಾನು ಬರೆದೆ. ಸಣ್ಣಗೇ ಬಂತು.

ಪೆನ್ನು ರಿಪೇರಿಯವರ ಮನೆಯಲ್ಲಿ ಹುಟ್ಟಿದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಿಬ್ಬನ್ನು ಕಿಟಕಿಗೆ ಹಿಡಿದು ನೋಡಿದೆ. ಅಪ್ಪ ಬಿಗಿ ಮಾಡಿದ್ದ ಸೀಳಿನಲ್ಲಿ ಬೆಳಕು ಕಾಣುತ್ತಿತ್ತು. ಹೋದಾಗಲೆಲ್ಲ ಅಣ್ಣ ಆ ಹಿತ್ತಾಳೆ ಚೂರಿನಿಂದ ಅದನ್ನು ಒಂದಿಷ್ಟು ಅಗಲಿಸಿ ಕಳಿಸಿದ್ದಾನೆ. ಕೆಟ್ಟಿರುವುದು ಪೆನ್ನಲ್ಲ, ನನ್ನ ಕೈ. ಭಯವಾಯಿತು, ಬಹಳ ಭಯವಾಯಿತು.

ಯಾಕೆಂದರೆ ಅಪ್ಪನಿಗೂ ಹೀಗೆಯೇ ಶುರುವಾದದ್ದು. ಊಟಕ್ಕೆ ಕೂತಾಗ, "ಈ ಚಮಚ ಜಾರುತ್ತೆ ಕಣ್ರೋ" ಎನ್ನುತ್ತಿದ್ದರು. ನಾವು ಪೆದ್ದರು, ಬೇರೆ ಬೇರೆ ಚಮಚ ತಂದುಕೊಟ್ಟೆವು. ಕೊನೆಕೊನೆಗೆ ಅಣ್ಣನೇ ಅವರಿಗೆ ತುತ್ತು ತಿನ್ನಿಸಬೇಕಾಯಿತು.

ಕಚೇರಿಯಿಂದ ನೇರವಾಗಿ ಅಂಗಡಿಗೆ ನಡೆದೆ. ಪೆನ್ನನ್ನು ಮೇಜಿನ ಮೇಲೆ ಕುಕ್ಕಿದೆ.

"ಯಾವಾಗಿಂದ ಗೊತ್ತು ನಿಂಗೆ?"

ಅಣ್ಣ ಭೂತಗನ್ನಡಿಯನ್ನು ಕಣ್ಣಿಂದ ತೆಗೆದ. ನಾಟಕ ಆಡಲಿಲ್ಲ, ಅದೊಂದು ಪುಣ್ಯ.

"ಬೇಸಿಗೆ ರಜಕ್ಕೂ ಮುಂಚೆ" ಎಂದ. "ನೀನು ಹೆಸರು ಬರೆದ ಹಾಳೇನ ಬೆಳಕಿಗೆ ಹಿಡಿದೆ. ಹಿಂದುಗಡೆ ಏನೂ ಮೂಡಿರಲಿಲ್ಲ."

"ನಾನು ಹೇಳ್ದೆ ಇವರಿಗೆ, ಬೇಡ ಅಂತ" ಎಂದರು ಅತ್ತಿಗೆ. "ಎಷ್ಟ್ ಸಲ ಹೇಳ್ದೆ."

"ಡಾಕ್ಟರ ಹತ್ರ ಕಳಿಸೋ ಬದ್ಲು ನಿಬ್ಬು ಅಗಲ ಮಾಡಿ ಕಳಿಸ್ತಿದ್ಯಾ?" ನನ್ನ ದನಿ ಬೀದಿಯವರೆಗೂ ಕೇಳಿಸಿರಬೇಕು. "ಇಷ್ಟು ದಿನ ಹಾಳು ಮಾಡ್ದೆ! ನೀನು ಅಣ್ಣನೋ, ಶತ್ರುವೋ?"

"ಅಪ್ಪನಿಗೆ ಹೇಳಿದ್ದು ನಾನೇ ಕಣೋ" ಎಂದ. "ಚಮಚ ಜಾರ್ತಿಲ್ಲ ಅಪ್ಪ, ನಿಮ್ಮ ಕೈಯಲ್ಲಿ ಬಲ ಇಲ್ಲ ಅಂದೆ. ಅವತ್ತು ಈ ಕುರ್ಚಿಯಿಂದ ಎದ್ದೋರು ಮತ್ತೆ ಕೂರ್ಲಿಲ್ಲ. ಒಂದು ಸ್ಕ್ರೂ ಡ್ರೈವರ್ ಕೂಡ ಮುಟ್ಲಿಲ್ಲ. ನಿಂಗೂ ನಾನೇ ಹೇಳ್ಬೇಕಾ? ಬಾಯಿ ಬರ್ಲಿಲ್ಲ."

ಪೆನ್ನನ್ನು ಅವನ ಕಡೆ ನೂಕಿದೆ.

"ಅಪ್ಪ ಹೆಂಗೆ ಕೊಟ್ಟಿದ್ರೋ ಹಂಗೇ ಮಾಡು."

"ಯಾಕೋ..."

"ಮಾಡು ಅಂದೆ."

ಅಣ್ಣ ನಿಬ್ಬು ಕಳಚಿ ಎರಡು ಬೆರಳುಗಳ ನಡುವೆ ಹಿಡಿದು, ಸೀಳಿನ ಎರಡು ಕಡೆಯನ್ನೂ ಮೆಲ್ಲಗೆ ಒತ್ತಿ ಕೂಡಿಸಿದ. ದೀಪಕ್ಕೆ ಹಿಡಿದ. ಮತ್ತೆ ಒತ್ತಿದ. ಬೆಳಕು ಮುಚ್ಚಿಹೋಯಿತು. ನಿಬ್ಬು ಕೂರಿಸಿ, ಇಂಕು ತುಂಬಿ, ತಾನೇ ಒತ್ತಿ ಒಂದು ಗೆರೆ ಎಳೆದು ನೋಡಿದ. ಗೆರೆ ಕಪ್ಪಗೆ ಬಂತು. ಪೆನ್ನನ್ನೂ ಹಾಳೆಯನ್ನೂ ನನ್ನ ಮುಂದಿಟ್ಟ. ಅತ್ತಿಗೆ ಎದ್ದು ಬಂದು ನನ್ನ ಹಿಂದೆ ನಿಂತರು.

ಕಟ್ಟಳೆಯಂತೆ ನನ್ನ ಹೆಸರು ಬರೆಯತೊಡಗಿದೆ. ಮೊದಲ ಅಕ್ಷರ ಮಸುಕಾಗಿ ಬಂತು. ಎರಡನೆಯದರ ಬದಲು ಹಾಳೆಯ ಮೇಲೆ ಬರಿಯ ಗೀರು ಬಿತ್ತು.

"ಸ್ವಲ್ಪ ಒತ್ತಿ ಬರಿ" ಎಂದ ಅಣ್ಣ.

"ಒತ್ತುತ್ತಾನೇ ಇದ್ದೀನಿ ಅಣ್ಣ."

ಅವನು ಪೆನ್ನನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡು ಮುಚ್ಚಳ ಹಾಕಿದ. ಅತ್ತಿಗೆ ದೀಪ ಆರಿಸಿದರು. ಡಾಕ್ಟರ ಕ್ಲಿನಿಕ್ಕು ಇನ್ನೂ ತೆರೆದಿರುವ ಹೊತ್ತು. ಅಣ್ಣ ಅಂಗಡಿಯ ಬಾಗಿಲೆಳೆದು, ಬೀದಿ ದಾಟುವಾಗ ನನ್ನ ಬಲಗೈ ಹಿಡಿದುಕೊಂಡ. ನಾನು ಬಿಡಿಸಿಕೊಳ್ಳಲಿಲ್ಲ.