ಹಾಲುವಾಣದ ಗೂಟ

“ಸರಿಯಾಗಿ ಬಗ್ಗಿ ಉಜ್ಜಲೇ ಲಕ್ಕ, ಸೊಂಟ ಬಿದ್ದೋಗೈತಾ? ಬೆಂಗ್ಳೂರಿಂದ ದೊಡ್ಡೋರು ಬತ್ತಾವ್ರೆ. ನಾಯಿ ಹೆಸ್ರು ಫಳಫಳ ಅನ್ಬೇಕು, ಬೋಳಿಮಗನೆ.”

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದಯಾನಂದ ಛತ್ರಿಯ ತುದಿಯಿಂದ ಅಪ್ಪನ ಪಕ್ಕೆಗೆ ತಿವಿದ. ಅಪ್ಪ ಮಂಡಿಯೂರಿ ತೆಂಗಿನ ನಾರಿನಲ್ಲಿ ಕಲ್ಲು ಉಜ್ಜುತ್ತಿದ್ದ. ಅವನ ಮಗಳು ನಾನು ಕೊಡದಿಂದ ನೀರು ಬಿಡುತ್ತಿದ್ದೆ. ಅದು ನಾಯಿಯ ಗೋರಿ.

ವನಗೂರಿನ ಮೇಲಿರುವ ಈ ಎಸ್ಟೇಟನ್ನು ಕಾಡು ಕಡಿಸಿ ಮಾಡಿದವನು ಒಬ್ಬ ಬಿಳಿ ದೊರೆ. ಅವನು, ಅವನ ಹೆಂಡತಿ, ಅವರ ನಾಯಿ, ಮೂವರೂ ಬಂಗಲೆಯ ಹಿಂದಿನ ದಿಬ್ಬದ ಮೇಲೆ ಮಲಗಿದ್ದಾರೆ. ಮೂವರಿಗೂ ಕಲ್ಲು, ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಹೆಸರು. ಲೈನಿನ ಸಾಲುಮನೆಗಳಿಂದ ತಪ್ಪಿಸಿಕೊಂಡು ಓಡಿದ ಆಳುಗಳ ಹಿಂದೆ ಆ ನಾಯಿಯನ್ನು ಬಿಡುತ್ತಿದ್ದರಂತೆ. ಅಪ್ಪನ ತಾತನ ಮೀನಖಂಡದಲ್ಲಿ ಅದರ ಹಲ್ಲಿನ ಗುರುತು ಸಾಯುವ ತನಕ ಇತ್ತಂತೆ. ಆ ತಾತನ ಮೊಮ್ಮಗ ಹುಡುಗನಾಗಿದ್ದಾಗಿಂದ ಈ ಕಲ್ಲು ತಿಕ್ಕುತ್ತಾ ಮುದುಕನಾಗಿದ್ದ. ದೊರೆ ಹೋಗಿ ಗೌಡರು ಬಂದರು, ದೊಡ್ಡ ಗೌಡರು ಹೋಗಿ ಅವರ ಮಗ ರವಿಚಂದ್ರ ಸಾವ್ಕಾರರು ಬಂದರು. ನಾಯಿಯ ಸೇವೆ ಮಾತ್ರ ನಮ್ಮ ಮನೆಗೇ ಉಳಿಯಿತು.

ಅದೇ ದಿಬ್ಬದ ಇಳಿಜಾರಿನಲ್ಲಿ ನಮ್ಮವರೂ ಇದ್ದಾರೆ. ನಮಗೆ ಕಲ್ಲಿಲ್ಲ. ಹೂತ ಮೇಲೆ ತಲೆಯ ಕಡೆ ಹಾಲುವಾಣದ ಒಂದು ಗೂಟ ನೆಡುತ್ತೇವೆ. ಮಳೆ ಹಿಡಿದರೆ ಗೂಟ ಬೇರು ಬಿಟ್ಟು ಮರವಾಗುತ್ತದೆ. ತೋಟದ ಬೇರೆ ಹಾಲುವಾಣಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿಸುತ್ತಾರೆ, ಕಾಫಿ ಗಿಡಕ್ಕೆ ಬಿಸಿಲು ಬೀಳಲೆಂದು ವರ್ಷವರ್ಷವೂ ಮರಗಸಿ ಮಾಡಿ ಕೊಂಬೆ ಇಳಿಸುತ್ತಾರೆ. ಈ ಸಾಲಿಗೆ ಮಾತ್ರ ನಮ್ಮ ಲೈನಿನ ಯಾರೂ ಕತ್ತಿ ಹಾಕಿದವರಲ್ಲ. ಸಾಲಿನ ಕೊನೆಯ ಮರ ನಮ್ಮವ್ವನದು. ಅದರ ಪಕ್ಕದಲ್ಲಿ ಒಬ್ಬ ಆಳು ಮಲಗುವಷ್ಟು ಜಾಗ ಬಿಟ್ಟಿದ್ದೆವು. ಅದು ಅಪ್ಪನ ಜಾಗ. ಕೆಲಸ ಬಿಟ್ಟ ಮೇಲೆ ಅಪ್ಪ ಅಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು, ಆವತ್ತು ಯಾರಿಗೆ ಯಾರು ಬೈದರು ಅನ್ನುವುದನ್ನೆಲ್ಲ ಅವ್ವನಿಗೆ ಒಪ್ಪಿಸಿ ಬರುತ್ತಿದ್ದ. ಬೇರೆ ಆಸೆ ಅವನಿಗೆ ಏನೂ ಇರಲಿಲ್ಲ. ಸತ್ತರೆ ಅಲ್ಲಿ ಮಲಗಬೇಕು, ಅಷ್ಟೇ.

ಜೀಪಿನಲ್ಲಿ ಬಂದವರು ಹಳೆಯ ಕಟ್ಟಡ, ಹಳೆಯ ಜಾಗ ಗುರುತಿಸಿ ಕಾಪಾಡುವ ಸಮಿತಿಯವರು. ಕಾಫಿ ರೇಟು ಬಿದ್ದ ಮೇಲೆ ಸಾವ್ಕಾರರು ಬಂಗಲೆಯನ್ನು ಹೋಂಸ್ಟೇ ಮಾಡಲು ಹೊರಟಿದ್ದರು. ಪಾರಂಪರಿಕ ಸ್ಥಳ ಅಂತ ಒಂದು ಬೋರ್ಡು ಬಿದ್ದರೆ ಪೇಟೆಯ ಜನ ಹುಡುಕಿಕೊಂಡು ಬರುತ್ತಾರೆ ಅಂತ ಅವರೇ ಸಮಿತಿಯನ್ನು ಕರೆಸಿದ್ದರು. ಅವರಲ್ಲಿ ದೊಡ್ಡವರು ಚೈತ್ರಶ್ರೀ ಅನ್ನುವ ಮೇಡಂ. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ಹೆಂಗಸು. ಅಪ್ಪನನ್ನು ಅಜ್ಜಾ ಅಂದರು, ಕೂರಲು ಹೇಳಿದರು. ನಾಯಿಯ ಕಲ್ಲಿನ ಮುಂದೆ ನೆಲದ ಮೇಲೆ ಕೂತು ಅಕ್ಷರಗಳ ಮೇಲೆ ಬೆರಳಾಡಿಸಿ, “ಎಷ್ಟು ಪ್ರೀತಿ ನೋಡಿ ಇವರಿಗೆ” ಅಂದರು. ಅವರ ಕಣ್ಣಲ್ಲಿ ನೀರು ಬಂತು.

ಆಮೇಲೆ ಇಳಿಜಾರಿನ ಕಡೆ ಕೈ ತೋರಿಸಿ ಅದೇನು ಸಾಲು ಅಂತ ಕೇಳಿದರು. ದಯಾನಂದ ನೆರಳಿನ ಮರ ಅಂದ. ಅಪ್ಪ ಎದ್ದು ನಿಂತು, “ನಮ್ಮೋರು ಕಣವ್ವ ಅಲ್ಲಿರೋದು. ಆ ಕೊನೇದು ನಮ್ ಮನೇದು” ಅಂದ.

ಮೇಡಂ ಆಸೆಯಿಂದಲೇ ಇಳಿದು ನೋಡಿ ಬಂದರು. ಕಲ್ಲು ಇದೆಯಾ, ಕಟ್ಟೆ ಇದೆಯಾ, ಹೆಸರು, ಇಸವಿ, ಏನಾದರೂ ಬರೆದದ್ದು ಇದೆಯಾ ಅಂತ ಕೇಳಿದರು. ಅಪ್ಪ ಎಲ್ಲಕ್ಕೂ ಇಲ್ಲವೆಂದು ತಲೆಯಾಡಿಸಿದ. ಮರ ಐತಲ್ಲವ್ವ ಅಂದ.

“ಮರವನ್ನ ನಾವು ಸ್ಮಾರಕ ಅಂತ ಬರೆಯೋಕಾಗಲ್ಲ ಅಜ್ಜಾ. ಬರವಣಿಗೆ ಇದ್ದರೆ ಮಾತ್ರ ಗುರುತಿಸಬಹುದು. ನಾಯಿದಕ್ಕೆ ನೋಡಿ, ಹೆಸರಿದೆ, ತಾರೀಕಿದೆ” ಅಂದರು. ಅವರಿಗೆ ನಿಜವಾಗಿ ಬೇಜಾರಾಗಿತ್ತು. ಆ ಬೇಜಾರಿನಲ್ಲೇ ಜೀಪು ಹತ್ತಿ ಹೋದರು.

ಯುಗಾದಿ ಕಳೆದ ಮೇಲೆ ಸಾವ್ಕಾರರು ನಮ್ಮನ್ನೆಲ್ಲ ಕಾಫಿ ಒಣಗಿಸುವ ಕಣಕ್ಕೆ ಕರೆಸಿದರು. ದಿಬ್ಬ ಸಂರಕ್ಷಿತ ಜಾಗ ಆಗಿದೆ, ಬೇಲಿ ಬರುತ್ತದೆ, ಇನ್ನು ಮೇಲೆ ಅಲ್ಲಿ ಹೆಣ ಹೂಳುವಂತಿಲ್ಲ ಅಂದರು. ಹಾಗಾದರೆ ಎಲ್ಲಿ ಬುದ್ದಿ ಅಂತ ಭೂತಯ್ಯ ಕೇಳಿದ. ಅವನ ಇಬ್ಬರು ಮಕ್ಕಳು ಆ ಸಾಲಿನಲ್ಲಿದ್ದಾರೆ.

“ಹೊಳೆ ಆಚೆ ಎಲ್ಲಾದ್ರೂ ಹಾಕ್ಕಳ್ರೋ. ಸತ್ತ ಮೇಲೆ ನಿಮಗ್ಯಾಕೋ ಬಂಗ್ಲೆ ಪಕ್ಕದ್ ಜಾಗ?” ಅಂದರು. ಕಣದಲ್ಲಿದ್ದ ರೈಟರ್, ಡ್ರೈವರ್ ಎಲ್ಲ ನಕ್ಕರು.

ಹೊಳೆಯ ಆಚೆ ಬರೀ ಬಂಡೆ. ಮೊಣಕಾಲುದ್ದ ಅಗೆದರೆ ಹಾರೆ ಠಣ್ ಅನ್ನುತ್ತದೆ. ಅಲ್ಲಿ ಹೂತದ್ದನ್ನು ನರಿ ಎಳೆದು ಹಾಕುತ್ತದೆ. ಊರಿನವರ ಸ್ಮಶಾನದ ದಾರಿಯಲ್ಲಿ ನಮ್ಮ ಹೆಣ ಸುಳಿಯುವಂತಿಲ್ಲ. ನಾನೂ ಭೂತಯ್ಯನೂ ಬಸ್ಸು ಹತ್ತಿ ತಾಲ್ಲೂಕು ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತ ನಮ್ಮನ್ನು ಬಾಗಿಲ ಹೊರಗೆ ಮಧ್ಯಾಹ್ನದ ತನಕ ನಿಲ್ಲಿಸಿ, ಕೊನೆಗೆ ತಲೆ ಎತ್ತದೆ, “ಬದುಕಿರೋರಿಗೇ ಜಾಗ ಇಲ್ಲ, ಹೆಣಕ್ಕೆ ಎಲ್ಲಿಂದ ತರಲಿ? ಯಾರಾದ್ರೂ ಸತ್ತಾಗ ಬನ್ನಿ, ನೋಡೋಣ” ಅಂದ.

ಬೇಲಿಗೆ ಕಬ್ಬಿಣದ ಕಂಬ ಹಾಕಿದರೆ ಹಳೆಯ ಜಾಗದ ಅಂದ ಕೆಡುತ್ತದೆ, ಮರದ ಗೂಟ ಹಾಕಿ ಅಂತ ಸಮಿತಿಯಿಂದ ಹೇಳಿಕೆ ಬಂತು. ಇಳಿಜಾರಿನ ಹಾಲುವಾಣದ ಬೇರುಗಳು ಗೋರಿಯ ತಳಪಾಯಕ್ಕೆ ನುಗ್ಗುತ್ತವೆ, ಆ ಸಾಲು ತೆಗೆಸಿ ಅಂತಲೂ ಬಂತು. ದಯಾನಂದನಿಗೆ ಎರಡೂ ಸೇರಿ ಹಬ್ಬವಾಯಿತು. ಗೂಟಕ್ಕೆ ದೂರ ಹೋಗುವುದೇ ಬೇಡ. ಒಂದು ಬೆಳಿಗ್ಗೆ ನಮ್ಮನ್ನೆಲ್ಲ ಸಾಲಿನ ಕೆಳಗೆ ನಿಲ್ಲಿಸಿ ಕತ್ತಿ ಹಂಚಿದ.

ಯಾರೂ ಮರ ಹತ್ತಲಿಲ್ಲ.

“ಏನ್ರಲೇ, ನಿಮ್ಮವ್ವಂದಿರು ತಲೆ ಮೇಲೆ ಕೂತವ್ರಾ? ಹತ್ರೋ ಸೂಳೆಮಕ್ಳಾ. ಹತ್ದೇ ಇರೋರು ಈಗ್ಲೇ ಲೈನ್ ಖಾಲಿ ಮಾಡಿ. ಬೇರೆ ಎಸ್ಟೇಟ್ನೋರು ನಿಮ್ಗೆ ಆರತಿ ಎತ್ತಿ ಕರೀತಾರೆ.”

ಲೈನ್ ಖಾಲಿ ಮಾಡಿದರೆ ಮಕ್ಕಳುಮರಿ ಕಟ್ಟಿಕೊಂಡು ಮಳೆಗಾಲದ ಮುಂದೆ ಎಲ್ಲಿಗೆ ಹೋಗುವುದು? ನನಗೆ ಅವನ ಕೈಯ ಛತ್ರಿ ಕಿತ್ತುಕೊಂಡು ಅವನ ಬಾಯಿಗೇ ತುರುಕುವಷ್ಟು ಸಿಟ್ಟು ಬಂದಿತ್ತು. ಅಪ್ಪ ನನ್ನ ಕೈ ಹಿಡಿದುಕೊಂಡ. ಅವನೇ ಮುಂದೆ ಬಂದು, ಅವ್ವನಿಗೆ ತಾನೇ ನೆಟ್ಟ ಮರವನ್ನು ತಬ್ಬಿ ನಿಂತ. ಆಮೇಲೆ ಮುಖ ಒರೆಸಿಕೊಂಡು ನಮ್ಮ ಕಡೆ ತಿರುಗಿದ.

“ಅವ್ರು ಕಡಿಸೇ ಕಡಿಸ್ತಾರೆ ಕಣ್ರಪ್ಪ. ಬ್ಯಾರೆಯೋರ ಕೈಲಿ ಯಾಕೆ? ನಮ್ಮೋರ ಕೊಂಬೆ ನಾವೇ ಇಳ್ಸಾನ, ನಾವೇ ನೆಡಾನ. ಯಾವ ಗೂಟ ಯಾರದು ಅಂತ ನೆಪ್ಪಿರ್ಲಿ, ಅಷ್ಟೇ.”

ಹಾಗೆಯೇ ಮಾಡಿದೆವು. ಭೂತಯ್ಯ ತನ್ನ ಮಕ್ಕಳ ಮರ ಹತ್ತಿ ಕಡಿದ. ಕಮಲಮ್ಮ ತನ್ನ ಗಂಡನ ಕೊಂಬೆಯನ್ನು ನೆಲಕ್ಕೆ ಬೀಳಲು ಬಿಡದೆ ಸೆರಗೊಡ್ಡಿ ಹಿಡಿದುಕೊಂಡಳು. ಅವ್ವನ ಮರದ ಕೊಂಬೆಯನ್ನು ಅಪ್ಪನೇ ಹೊತ್ತು ತಂದು, ದಿಬ್ಬದ ಕೆಳಗಿನ ಮೂಲೆಯಲ್ಲಿ ಗುಣಿ ತೋಡಿ ನೆಟ್ಟ. ಕೆಲಸ ಬೇಗ ಮುಗಿಯಿತು ಅಂತ ದಯಾನಂದನಿಗೆ ಖುಷಿ. ಗೂಟಗಳಿಗೆ ಮುಳ್ಳುತಂತಿ ಬಿಗಿಸಿದ, ಕಬ್ಬಿಣದ ಗೇಟು ಕೂರಿಸಿದ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಆಮೇಲೆ ಮರಗಳನ್ನು ಬುಡಕ್ಕೆ ಉರುಳಿಸಿ, ಮತ್ತೆ ಚಿಗುರದ ಹಾಗೆ ಬೊಡ್ಡೆಗಳಿಗೆ ಔಷಧಿ ಬಳಿಸಿದರು. ಇಳಿಜಾರು ಬೋಳಾಯಿತು. ಬಂಗಲೆಯ ವರಾಂಡದಿಂದ ಈಗ ಗೋರಿಗಳೂ ಹಿಂದಿನ ಬೆಟ್ಟವೂ ಚೆನ್ನಾಗಿ ಕಾಣುತ್ತವೆ ಅಂತ ಸಾವ್ಕಾರರು ಬಂದವರಿಗೆಲ್ಲ ತೋರಿಸುತ್ತಿದ್ದರು.

ಮುಂಗಾರು ಹಿಡಿಯಿತು. ಬೇಲಿ ಚಿಗುರಿತು. ಹಾಲುವಾಣದ ಗುಣವೇ ಅದು, ತಲೆಕಡಿದು ನೆಟ್ಟರೂ ಚಿಗುರುತ್ತದೆ. ಅಪ್ಪ ಬೇಲಿಯ ಹೊರಗೆ ಆ ಮೂಲೆಯ ಗೂಟದ ಬಳಿ ಮಳೆ ತಡೆಯುವ ಎಲೆಯ ಗೊರಗ ಹೊದ್ದು ಕೂರತೊಡಗಿದ. “ನಿಮ್ಮವ್ವನ್ನ ಕಾವಲಿಗೆ ಹಾಕ್ಕೊಂಡವ್ರೆ ನೋಡೇ ದ್ಯಾವಿ, ನಾನು ಒಳೀಕೋಗ್ದಂಗೆ” ಅಂತ ನನಗೆ ಹೇಳಿ ನಕ್ಕ. ನನಗೆ ನಗು ಬರಲಿಲ್ಲ. ಅವನನ್ನು ಒಳಗೆ ಬಿಡುತ್ತಿದ್ದುದು ನಾಯಿಯ ಕಲ್ಲು ಉಜ್ಜಲು ಮಾತ್ರ. ಉಜ್ಜಿ ಅವ್ವನ ಕಡೆ ಎರಡು ಹೆಜ್ಜೆ ಇಟ್ಟರೆ ದಯಾನಂದ ಗೇಟಿನಿಂದಲೇ ಕೂಗುತ್ತಿದ್ದ.

ಬೋರ್ಡು ತೆರೆಯುವ ದಿನ ಗೊತ್ತಾಯಿತು. ಮಳೆಯಲ್ಲಿ ಕಲ್ಲಿಗೆ ಪಾಚಿ ಹಿಡಿಯುತ್ತಿತ್ತು. ಆಶ್ಲೇಷ ಮಳೆ ಬಿಡದೆ ಹೊಡೆಯುವಾಗ ಅಪ್ಪನನ್ನು ದಿನವೂ ಕೂರಿಸಿ ಪಾಚಿ ತೆಗೆಸಿದರು. ಅವನಿಗೆ ಚಳಿಜ್ವರ ಬಂತು. ಅವನ ಬದಲಿಗೆ ನಾನು ಬರುತ್ತೇನೆ ಅಂದರೆ, ಹೆಂಗಸರ ಕೈ ಗಟ್ಟಿಯಿಲ್ಲ, ಲಕ್ಕನೇ ಬರಲಿ ಅಂದ ದಯಾನಂದ. ಅಪ್ಪ ಜ್ವರದಲ್ಲೇ ಕಲ್ಲು ಉಜ್ಜಲು ಹೋದ. ಎದೆ ಕಟ್ಟಿತು. ಬೋರ್ಡು ತೆರೆಯುವ ದಿನದ ಬೆಳಿಗ್ಗೆ, ಗಂಜಿ ಬಾಯಿಗಿಡುವ ಹೊತ್ತಿಗೆ ನನ್ನ ತೊಡೆಯ ಮೇಲೆ ಸತ್ತ. ಸಾಯುವ ಮುಂಚೆ ನನ್ನ ಸೆರಗು ಹಿಡಿದು ಹೇಳಿದ್ದು ಒಂದೇ ಮಾತು.

“ಹೊಳೆ ಆಚೀಗ್ ಬ್ಯಾಡ ಕಣವ್ವ.”

ಚಟ್ಟ ಹೊತ್ತು ಹೊರಟೆವು. ನಮ್ಮಲ್ಲಿ ಹೆಂಗಸರು ಗುಂಡಿಯ ತನಕ ಹೋಗುವುದಿಲ್ಲ. ಆವತ್ತು ಲೈನಿನಲ್ಲಿ ಒಬ್ಬಳೂ ಹಿಂದೆ ಉಳಿಯಲಿಲ್ಲ. ಗೇಟಿಗೆ ಬೀಗ, ಅದರ ಪಕ್ಕದಲ್ಲಿ ಬಟ್ಟೆ ಮುಚ್ಚಿದ ಬೋರ್ಡು. ವರಾಂಡದಲ್ಲಿ ಪೇಟೆಯ ಜನ ಕಾಫಿ ಕುಡಿಯುತ್ತಿದ್ದರು. ದಯಾನಂದ ಓಡಿಬಂದು ಎರಡೂ ಕೈ ಅಡ್ಡ ಹಿಡಿದ. ಹೆಣ ತಿರುಗಿಸ್ರೋ, ಇವತ್ತೇ ಸಾಯಬೇಕಿತ್ತಾ ಈ ಮುದಿಯ ಅಂದ. ಹಿಂದೆಯೇ ಸಾವ್ಕಾರರೂ ಮೇಡಮ್ಮೂ ಬಂದರು. ಸಾವ್ಕಾರರು ಬಂದ ಜನರ ಮುಂದೆ ಬಾಯಿ ಬಿಗಿಹಿಡಿದು, ಮೊದಲು ಇಲ್ಲಿಂದ ಹೋಗಿ, ಆಮೇಲೆ ಮಾತಾಡೋಣ ಅಂದರು. ಮೇಡಂ ಛತ್ರಿ ನನ್ನ ತಲೆಯ ಮೇಲೆ ಹಿಡಿದರು.

“ನಿಮ್ಮ ಸಂಕಟ ನನಗೆ ಅರ್ಥ ಆಗುತ್ತಮ್ಮಾ. ಆದರೆ ಒಂದು ಸಲ ಈ ಮಣ್ಣು ಅಗೆದರೆ ಜಾಗದ ಮೂಲ ಸ್ವರೂಪವೇ ಹೋಗಿಬಿಡುತ್ತೆ. ಮುಂದಿನವರಿಗೆ ಉಳಿಸಬೇಕಲ್ವಾ?”

ಅವರ ಮೇಲೆ ನನಗೆ ಬಂದಷ್ಟು ಸಿಟ್ಟು ದಯಾನಂದನ ಮೇಲೂ ಬರಲಿಲ್ಲ. ನಾನು ಛತ್ರಿಯ ಕೆಳಗಿನಿಂದ ಆಚೆ ಬಂದೆ.

ಗೇಟಿನ ಹತ್ತಿರ ನಿಲ್ಲಲೇ ಇಲ್ಲ. ಬೇಲಿಯ ಗುಂಟ ಇಳಿದು ಮೂಲೆಯ ಗೂಟದ ಬಳಿ ಹೋದೆ. ಸೊಂಟಕ್ಕೆ ಸಿಕ್ಕಿಸಿದ್ದ ಕತ್ತಿಯಿಂದ ತಂತಿಯ ಮೊಳೆ ಎಬ್ಬಿಸಿದೆ. ಗೂಟವನ್ನು ತಬ್ಬಿ ಹಿಂದೆ ಮುಂದೆ ಅಲ್ಲಾಡಿಸಿದೆ. ಮಳೆಗೆ ಮಣ್ಣು ಮೆತ್ತಗಾಗಿತ್ತು. ಗೂಟದ ಮುಳ್ಳು ಎದೆಗೆ ಚುಚ್ಚಿತು. ಒಂದು ಸಲ ಜೋರಾಗಿ ಎಳೆದಾಗ ಎಳೆ ಬೇರು ಸಮೇತ ಮೇಲೆ ಬಂತು. ತಂತಿ ನೆಲಕ್ಕೆ ಬಿತ್ತು. ಅದರ ಮೇಲೆ ಕಾಲಿಟ್ಟು ಚಟ್ಟ ಹೊತ್ತವರು ಒಳಗೆ ದಾಟಿದರು.

“ಯಾವಳೇ ಅದು ಗೂಟ ಕಿತ್ತಿದ್ದು? ಸರ್ಕಾರದ್ ಬೇಲಿ ಕಣೇ ಮುಂಡೆ. ಜೈಲಿಗೋಗ್ತೀಯ.”

“ನಮ್ಮವ್ವ ಕಣೋ ಇದು. ನಮ್ಮಪ್ಪನ ತಲೆತಾವ ನಿಲ್ಸಕ್ಕೆ ಕರ್ಕೊಂಡ್ ಹೋಗ್ತಾವ್ನಿ. ಬಾ, ಬಂದು ಕಿತ್ಕೋ.”

ಅವನು ಬರಲಿಲ್ಲ. ನನ್ನ ಕೈಯಲ್ಲಿ ಕತ್ತಿಯೂ ಇತ್ತು.

ಭೂತಯ್ಯ ಗುಂಡಿ ತೋಡಿದ. ಅವ್ವನ ಬೊಡ್ಡೆಯ ಪಕ್ಕ ಅಪ್ಪನನ್ನು ಇಳಿಸಿ ಮಣ್ಣು ಎಳೆದೆವು. ತಲೆಯ ಕಡೆ ನಾನು ಗೂಟ ನಿಲ್ಲಿಸಿದೆ. ಅದರ ತುದಿಯ ಎಲೆಗಳಿಗೆ ಇನ್ನೂ ಏನೂ ಆಗಿರಲಿಲ್ಲ. ಆಗ ಕಮಲಮ್ಮ ಎದ್ದು ಬೇಲಿಗೆ ಹೋಗಿ ತನ್ನ ಗಂಡನ ಗೂಟ ಅಲ್ಲಾಡಿಸತೊಡಗಿದಳು. ಭೂತಯ್ಯ ಹಾರೆ ಹಿಡಿದೇ ಹೋದ. ಆಮೇಲೆ ಎಲ್ಲರೂ ಹೋದರು. ಯಾವ ಗೂಟ ಯಾರದು ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ. ಸಾವ್ಕಾರರ ಜೀಪು ಪೊಲೀಸರನ್ನು ಕರೆತರಲು ಇಳಿದು ಹೋಯಿತು. ವರಾಂಡದಲ್ಲಿದ್ದವರು ಎದ್ದು ನಿಂತು ಫೋಟೋ ತೆಗೆಯುತ್ತಿದ್ದರು. ಮೇಡಂ ಮಾತ್ರ ಛತ್ರಿ ಮಡಚಿ ಹಿಡಿದುಕೊಂಡು, ನಾಯಿಯ ಗೋರಿಯ ಪಕ್ಕ ಮಳೆಯಲ್ಲಿ ನೆನೆಯುತ್ತಾ ನಿಂತಿದ್ದರು.

ಸಂಜೆಯ ಹೊತ್ತಿಗೆ ಗೂಟಗಳೆಲ್ಲ ಇಳಿಜಾರಿನ ಸಾಲಿಗೆ ಬಂದು ನಿಂತಿದ್ದವು. ಸುತ್ತ ಬೇಲಿ ಅನ್ನುವುದು ಉಳಿದಿರಲಿಲ್ಲ. ಗೇಟು ಒಂದೇ ಬೀಗ ಹಾಕಿಕೊಂಡು ನಿಂತಿತ್ತು. ಕೆಳಗಿನ ತಿರುವಿನಲ್ಲಿ ಜೀಪುಗಳು ಏರು ಹತ್ತುವ ಸದ್ದು ಕೇಳಿತು. ಲೈನಿನವರು ತಮ್ಮ ತಮ್ಮವರ ಪಕ್ಕ ಕೂತರು. ನಾನು ಅವ್ವನ ಗೂಟದ ಬುಡಕ್ಕೆ ಇನ್ನೊಂದು ಬೊಗಸೆ ಮಣ್ಣು ಹಾಕಿ ಗಟ್ಟಿಯಾಗಿ ತುಳಿದೆ.